ಕುಡುಗೋಲಿನಂತೆ ಬಾಗಿದ ಕಣ

ಮಕ್ಕಳ ಕಾಯಿಲೆಗೆ ನಾವು ಹಣೆಬರಹವನ್ನು ದೂರುವುದುಂಟು. ಸಿಕಲ್ ಸೆಲ್ ಅನೀಮಿಯಾದ ಬರಹವಿರುವುದು ರಕ್ತದ ಒಂದು ಅಣುವಿನಲ್ಲಿ. 1910ರಲ್ಲಿ ಷಿಕಾಗೊದ ವೈದ್ಯ ಜೇಮ್ಸ್ ಹೆರಿಕ್, ಗ್ರೆನಡಾದ ವಿದ್ಯಾರ್ಥಿಯೊಬ್ಬನ ರಕ್ತದಲ್ಲಿ ಕುಡುಗೋಲಿನಾಕಾರದ ಕಣಗಳಿದ್ದುದನ್ನು ವರದಿ ಮಾಡಿದರು. ಇಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಅಸಹನೀಯ ನೋವು ತರುತ್ತವೆ.

1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ದೋಷವಿರುವುದು ಹಿಮೊಗ್ಲೋಬಿನ್‌ನಲ್ಲೇ ಎಂದು ತೋರಿಸಿದರು. ವಿದ್ಯುತ್ತಿನ ಸೆಳೆತಕ್ಕೆ ಆ ಅಣು ಬೇರೆ ರೀತಿ ಚಲಿಸುತ್ತಿತ್ತು. ಅದೇ ರೋಗಪತ್ತೆಯ ದಾರಿಯಾಯಿತು. 1950ರ ದಶಕದಲ್ಲಿ ವರ್ನನ್ ಇಂಗ್ರಾಮ್, ಒಂದೇ ಅಮೈನೋ ಆಮ್ಲ ಬದಲಾಗಿರುವುದನ್ನು ಕಂಡುಹಿಡಿದರು.

1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲೂ ಇಂಥ ಕಣಗಳಿರುವುದು ವರದಿಯಾಯಿತು. ನಮ್ಮ ಮೈಸೂರು, ಚಾಮರಾಜನಗರದ ಹಾಡಿಗಳಲ್ಲೂ ಈ ರೋಗವಿದೆ. 2023ರಲ್ಲಿ ಬ್ರಿಟನ್, ಅಮೆರಿಕಗಳು ಜೀನ್ ತಿದ್ದುವ ಚಿಕಿತ್ಸೆಗೆ ಒಪ್ಪಿಗೆ ನೀಡಿದವು. ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಹಾಡಿಯ ಮಗುವಿಗೆ ಅದು ದಕ್ಕುವ ಮುನ್ನ, ರಕ್ತಪರೀಕ್ಷೆ ಮತ್ತು ಹೈಡ್ರಾಕ್ಸಿಯೂರಿಯಾ ಔಷಧಿಯಾದರೂ ತಪ್ಪದೆ ತಲುಪುವಂತೆ ನಾವು ಕೇಳಬೇಕು.