ಪುಟಗಳಿಗೂ ಮೊದಲು ಒಂದು ಪ್ರಶ್ನೆ

ದೆಹಲಿ ವಿಶ್ವವಿದ್ಯಾಲಯದಲ್ಲಿ ಪದವಿಯ ನಾಲ್ಕನೆಯ ವರ್ಷದಲ್ಲಿರುವ, ನಮ್ಮ ಪರಿಚಯದ ಕನ್ನಡ ಮನೆಯ ಹುಡುಗಿಯೊಬ್ಬಳು ಈಚೆಗೆ ಕೇಳಿದಳು: “ಅಂಕಲ್, ಡಿಸರ್ಟೇಶನ್ ಎಷ್ಟು ಪುಟ ಇರಬೇಕು?” ಯಾವುದರ ಬಗ್ಗೆ ಬರೆಯುತ್ತೀಯಮ್ಮ ಎಂದೆವು. ಅದಿನ್ನೂ ನಿಶ್ಚಯವಾಗಿರಲಿಲ್ಲ. ನಗುವ ಹಕ್ಕು ನಮಗಿರಲಿಲ್ಲ. ಇಂಗ್ಲಿಷ್ ಎಂ.ಎ. ಓದುವಾಗ ನಾಲ್ವರು ವಿಮರ್ಶಕರ ಮಾತುಗಳನ್ನು ಹೊಲಿದು, ರಟ್ಟು ಹಾಕಿಸಿ ಒಪ್ಪಿಸಿದವರು ನಾವು. ಆ ಪ್ರಬಂಧವನ್ನು ಆಮೇಲೆ ಯಾರೂ ತೆರೆದಂತಿಲ್ಲ, ನಾವೂ ತೆರೆದಿಲ್ಲ.

ನಾಲ್ಕು ವರ್ಷದ ಪದವಿಯನ್ನು ಈ ವಿಶ್ವವಿದ್ಯಾಲಯ 2013ರಲ್ಲಿ ತಂದು, ಮರುವರ್ಷವೇ ಕೈಬಿಟ್ಟಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ, 2022ರಲ್ಲಿ ಅದು ಮರಳಿತು. ಆಗ ಸೇರಿದವರು 2025ರಲ್ಲಿ ನಾಲ್ಕನೆಯ ವರ್ಷಕ್ಕೆ ಕಾಲಿಟ್ಟರು. ಪ್ರಬಂಧ, ಪ್ರಾಜೆಕ್ಟ್, ಉದ್ಯಮಶೀಲತೆ ಎಂಬ ಮೂರು ದಾರಿಗಳಲ್ಲಿ ಒಂದನ್ನು ಅವರು ಆರಿಸಿಕೊಳ್ಳಬೇಕು. ಯುಜಿಸಿಯ 2022ರ ನಿಯಮಾವಳಿಯಾದರೋ ಎಂ.ಫಿಲ್. ಪದವಿಯನ್ನು ನಿಲ್ಲಿಸಿ, ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರಿಗೆ ಪಿಎಚ್.ಡಿ.ಯ ಬಾಗಿಲು ತೆರೆಯಿತು. ಸಂಶೋಧನೆಯ ಮೊದಲ ಮೆಟ್ಟಿಲು ಹೀಗೆ ಇಪ್ಪತ್ತೊಂದರ ಹರೆಯಕ್ಕೆ ಇಳಿದಿದೆ.

ಎಳೆಯ ವಯಸ್ಸಿನ ಪ್ರಬಂಧಕ್ಕೆ ಬೆಲೆಯುಂಟೇ? ಇದೇ ವಿಶ್ವವಿದ್ಯಾಲಯದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ 1959ರಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದ ಕನ್ನಡಿಗ ಎಂ.ಎನ್. ಶ್ರೀನಿವಾಸರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ. ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಅವರು, ಮಹಾರಾಜ ಕಾಲೇಜಿನಲ್ಲಿ ಓದಿ, ಎಂ.ಎ.ಗೆ ಮುಂಬಯಿಗೆ ಹೋದರು. ಅಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಅವರು ಬರೆದ ಪ್ರಬಂಧದ ವಿಷಯ ತಮ್ಮದೇ ಸೀಮೆಯ ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬ. ಅದು 1942ರಲ್ಲಿ ಪುಸ್ತಕವಾಯಿತು. ವಿದ್ಯಾರ್ಥಿಯ ಪ್ರಬಂಧವೇ ವಿದ್ವಾಂಸನ ಮೊದಲ ಗ್ರಂಥ.

ಮುಂದಿನ ಕಥೆ ಇನ್ನೂ ಬೋಧಪ್ರದ. ಕೊಡವರನ್ನು ಕುರಿತು ಅವರು ಮುಂಬಯಿಯಲ್ಲಿ ಪಿಎಚ್.ಡಿ. ಪಡೆದು ಆಕ್ಸ್‌ಫರ್ಡ್‌ಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್, ಅದೇ ಕೊಡಗಿನ ಸಾಮಗ್ರಿಯನ್ನು ಧರ್ಮ ಮತ್ತು ಸಮಾಜದ ಸಂಬಂಧದ ಕಣ್ಣಿನಿಂದ ಮತ್ತೆ ನೋಡಲು ಸೂಚಿಸಿದರು. ಸಾಮಗ್ರಿ ಹಳೆಯದು, ಪ್ರಶ್ನೆ ಹೊಸದು. ಅದರಿಂದ ಹೊರಟ 1952ರ ಗ್ರಂಥ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆಯನ್ನು ಲೋಕದ ಮುಂದಿಟ್ಟಿತು. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ನಡೆಸಿದ ಕ್ಷೇತ್ರಕಾರ್ಯದ ಸಂಸ್ಕರಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳಿಟ್ಟ ಬೆಂಕಿಗೆ ಆಹುತಿಯಾದಾಗಲೂ ಅವರು ಸೋಲಲಿಲ್ಲ. ನೆನಪನ್ನೇ ನೆಚ್ಚಿ 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟಿಸಿದರು. ಕಾಗದ ಸುಟ್ಟರೂ ಉಳಿಯುವಷ್ಟು ಆ ಹಳ್ಳಿ ಅವರೊಳಗೆ ಇಳಿದಿತ್ತು.

ಎಲ್ಲರೂ ಶ್ರೀನಿವಾಸರಾಗಲಾರರು, ನಿಜ. ಆದರೆ ಅವರ ಪ್ರಬಂಧವನ್ನು ಬದುಕಿಸಿದ ಎರಡು ಸಂಗತಿಗಳು ಯಾರಿಗೂ ಬೇಕಾದವು: ತನ್ನದೆನ್ನಿಸುವ ಪ್ರಶ್ನೆ, ಆ ಪ್ರಶ್ನೆಯನ್ನು ತಿದ್ದಲು ಪುರುಸೊತ್ತುಳ್ಳ ಗುರು. ಸುತ್ತೋಲೆಯಿಂದ ಒಂದು ವರ್ಷವನ್ನು ಸೇರಿಸಬಹುದು. ಗುರುವಿನ ಪುರುಸೊತ್ತನ್ನು ಸೇರಿಸಲಾಗದು. ಕಡತಗಳ ನಡುವೆ ಬಾಳುವ ನಮಗೆ ಇದು ಚೆನ್ನಾಗಿ ಗೊತ್ತು. ಹೊಸ ವ್ಯವಸ್ಥೆ ಗೆಲ್ಲಬೇಕಾದರೆ, ಒಬ್ಬ ಅಧ್ಯಾಪಕರಿಗೆ ಕೆಲವೇ ವಿದ್ಯಾರ್ಥಿಗಳಿರಬೇಕು; ಪುಟಗಳ ಎಣಿಕೆಗಿಂತ ಮುಖಾಮುಖಿ ಪ್ರಶ್ನೋತ್ತರಕ್ಕೆ ಹೆಚ್ಚು ತೂಕವಿರಬೇಕು; ವಿಷಯ ನಡೆದು ಹೋಗಿ ನೋಡುವಷ್ಟು ಹತ್ತಿರದ್ದಾಗಿರಬೇಕು.

ಆ ಹುಡುಗಿಗೆ ಕೊನೆಗೆ ನಾವು ಹೇಳಿದ್ದು ಇಷ್ಟೇ: “ಆರ್.ಕೆ. ಪುರದ ಸರ್ಕಾರಿ ಕ್ವಾರ್ಟರ್ಸ್‌ಗೆ ಮದುವೆಯಾಗಿ ಬಂದ ನಿನ್ನ ಅಜ್ಜಿ ಆಡುವ ಕನ್ನಡ, ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಓದಿದ ನಿನ್ನ ಅಮ್ಮನ ಕನ್ನಡ, ಹಿಂದಿ ಬೆರೆಸಿ ನೀನಾಡುವ ಕನ್ನಡ: ಮೂರನ್ನೂ ಒಂದು ತಿಂಗಳು ಕೂತು ಕೇಳಿಸಿಕೋ. ಏನು ಉಳಿಯಿತು, ಏನು ಹೋಯಿತು, ಏಕೆ ಎಂದು ಬರೆದುಕೋ.”

ಕಳೆದ ವಾರ ಅವಳ ಫೋನು ಬಂತು. ಪುಟಗಳ ಮಾತೇ ಇರಲಿಲ್ಲ. ಅಜ್ಜಿಯ ಒಂದು ಪದದ ಅರ್ಥ ಅಮ್ಮನಿಗೂ ತಿಳಿಯಲಿಲ್ಲವಂತೆ. ಅದು ಯಾವ ಊರಿನದೆಂದು ಹುಡುಕುತ್ತಿದ್ದಳು.