ಮೆದುಳಿನ ಆಪರೇಷನ್ ವೇಳೆ ರೋಗಿ ಪಿಟೀಲು ನುಡಿಸಿದ್ದೇಕೆ? ಕೈಕಾಲಿನ ಶಕ್ತಿ ಕಾಯುವ ತಂತ್ರದ ಬಗ್ಗೆ ತಿಳಿಯಿರಿ

ಆಪರೇಷನ್ ಟೇಬಲ್ ಮೇಲೆ ಮಲಗಿದ ಮಹಿಳೆಯೊಬ್ಬರು ಪಿಟೀಲು ನುಡಿಸುತ್ತಿರುವ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇಂಥ ವಿಡಿಯೊ ನೋಡಿದವರಲ್ಲಿ ಕೆಲವರು ಪವಾಡ ಎನ್ನುತ್ತಾರೆ, ಕೆಲವರು ಪ್ರಚಾರದ ಗಿಮಿಕ್ ಎನ್ನುತ್ತಾರೆ. ಎರಡೂ ಅಲ್ಲ.

ವಿಡಿಯೊ ನಿಜವೇ?

ನಿಜ. ಇದು 2020ರ ಜನವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ನಡೆದದ್ದು. ಗೆಡ್ಡೆ ಇದ್ದದ್ದು ಮೆದುಳಿನ ಬಲಭಾಗದಲ್ಲಿ, ಎಡಗೈಯನ್ನು ಆಡಿಸುವ ಜಾಗದ ಪಕ್ಕದಲ್ಲೇ. ಪಿಟೀಲಿನ ತಂತಿಗಳನ್ನು ಒತ್ತುವುದು ಎಡಗೈ ಬೆರಳುಗಳು. ಆಕೆ ನುಡಿಸುತ್ತಿದ್ದಷ್ಟು ಹೊತ್ತು ಆ ಜಾಗಕ್ಕೆ ಧಕ್ಕೆಯಾಗಿಲ್ಲ ಎಂದು ವೈದ್ಯರಿಗೆ ಖಚಿತವಾಗುತ್ತಿತ್ತು. ಗೆಡ್ಡೆಯ ಶೇ. 90ಕ್ಕೂ ಹೆಚ್ಚು ಭಾಗ ತೆಗೆದರು, ಕೈಯ ಚಲನೆ ಉಳಿಯಿತು.

2017ರಲ್ಲಿ ಬೆಂಗಳೂರಿನಲ್ಲಿ ಗಿಟಾರ್ ನುಡಿಸುತ್ತಾ ಆಪರೇಷನ್‌ಗೆ ಒಳಗಾದವರ ವಿಷಯ ಬೇರೆ. ಅದು ಗೆಡ್ಡೆಯಲ್ಲ, ಬೆರಳುಗಳು ತಾವಾಗಿಯೇ ಸೆಟೆದುಕೊಳ್ಳುವ ಡಿಸ್ಟೋನಿಯಾ ಎಂಬ ತೊಂದರೆ.

ನೋವಾಗುವುದಿಲ್ಲವೇ?

ಮೆದುಳಿನ ಅಂಗಾಂಶಕ್ಕೆ ನೋವು ತಿಳಿಯುವುದಿಲ್ಲ. ನೋವಾಗುವುದು ತಲೆಯ ಚರ್ಮಕ್ಕೆ ಮತ್ತು ಮೆದುಳಿನ ಹೊರಪೊರೆಗೆ. ಅಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಹಾಗಾಗಿ 'ಅರಿವಳಿಕೆಯೇ ಇಲ್ಲದ ಆಪರೇಷನ್' ಎಂಬ ಮಾತು ತಪ್ಪು.

ರೋಗಿ ಎಚ್ಚರವಾಗಿರಲೇಬೇಕೇ?

ಬೇಕಿಲ್ಲ. ಮಾತಿಗೆ ಸಂಬಂಧಿಸಿದ ಜಾಗವನ್ನು ಪರೀಕ್ಷಿಸಲು ರೋಗಿ ಎಚ್ಚರವಿರಬೇಕು. ಕೈಕಾಲಿನ ಶಕ್ತಿಯನ್ನು ಮಾತ್ರ ನಿದ್ದೆಯಲ್ಲೂ ಗಮನಿಸಬಹುದು. ಇದನ್ನು ಮೋಟಾರ್ ಇವೋಕ್ಡ್ ಪೊಟೆನ್ಷಿಯಲ್, ಚಿಕ್ಕದಾಗಿ ಎಂಇಪಿ ಎನ್ನುತ್ತಾರೆ.

ಮನೆಯ ವೈರಿಂಗ್ ನೆನಪಿಸಿಕೊಳ್ಳಿ. ಸ್ವಿಚ್ ಒತ್ತಿದಾಗ ಬಲ್ಬ್ ಹೊತ್ತಿದರೆ ನಡುವಿನ ವೈರು ಸರಿಯಿದೆ ಎಂದರ್ಥ. ಇಲ್ಲಿ ಮೆದುಳಿಗೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುತ್ತಾರೆ. ಅದು ನರಗಳ ಮೂಲಕ ಸಾಗಿ ಹೆಬ್ಬೆರಳು, ಪಾದ ಅಥವಾ ಮುಖದ ಸ್ನಾಯು ತಲುಪುತ್ತದೆ. ಅಲ್ಲಿ ಚುಚ್ಚಿಟ್ಟ ತೆಳುವಾದ ಸೂಜಿಗಳು ಪ್ರತಿಕ್ರಿಯೆಯನ್ನು ಹಿಡಿದು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತವೆ. ಸ್ನಾಯು ಸಡಿಲಿಸುವ ಔಷಧ ಕೊಟ್ಟರೆ ಅಲೆ ಕಾಣಿಸದು. ಆದ್ದರಿಂದ ಪರೀಕ್ಷೆಯ ವೇಳೆ ಅದರ ಪ್ರಭಾವ ಇರದಂತೆ ಅರಿವಳಿಕೆ ತಜ್ಞರು ನೋಡಿಕೊಳ್ಳುತ್ತಾರೆ.

ಎಲ್ಲಿ ನಿಲ್ಲಿಸಬೇಕೆಂದು ಹೇಗೆ ತಿಳಿಯುತ್ತದೆ?

ಅಲೆಯ ಎತ್ತರ ಅರ್ಧಕ್ಕಿಂತ ಕಡಿಮೆಯಾದರೆ ಸಾಮಾನ್ಯವಾಗಿ ಎಚ್ಚರಿಕೆ ಎಂದು ಪರಿಗಣಿಸುತ್ತಾರೆ. ಸರ್ಜನ್ ಕೈ ತಡೆಯುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಎಲ್ಲಾದರೂ ಒತ್ತಡ ಬಿದ್ದಿದ್ದರೆ ಸಡಿಲಿಸುತ್ತಾರೆ. ಗೆಡ್ಡೆ ತೆಗೆದ ಗುಂಡಿಯ ಅಂಚಿನಲ್ಲೂ ಪ್ರಚೋದನೆ ಕೊಡುತ್ತಾರೆ. 5 ಮಿಲಿಆಂಪ್‌ಗೆ ಸ್ನಾಯು ಮಿಡಿದರೆ, ಚಲನೆಯ ನರತಂತುಗಳು ಸುಮಾರು 5 ಮಿಲಿಮೀಟರ್ ದೂರದಲ್ಲಿವೆ ಎಂಬುದು ಒಂದು ಅಂದಾಜಿನ ಲೆಕ್ಕ.

ಇದಿದ್ದರೆ ಲಕ್ವ ಹೊಡೆಯುವುದೇ ಇಲ್ಲವೇ?

ಹಾಗೆ ಗ್ಯಾರಂಟಿ ಇಲ್ಲ. ಇದು ಅಪಾಯವನ್ನು ತಗ್ಗಿಸುವ ಸಾಧನ, ಅಷ್ಟೇ. ಆಪರೇಷನ್ ನಂತರದ ಊತದಿಂದಲೂ ಕೈಕಾಲು ಸೋಲಬಹುದು. ಕೆಲವರಲ್ಲಿ ಅದು ವಾರ ಅಥವಾ ತಿಂಗಳುಗಳಲ್ಲಿ ಸುಧಾರಿಸುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಪ್ರಚೋದನೆಯಿಂದ ಫಿಟ್ಸ್ ಬರುವ ಸಾಧ್ಯತೆಯೂ ಇದೆ. ಆಗ ಮೆದುಳಿನ ಮೇಲೆ ತಣ್ಣನೆಯ ದ್ರವ ಹಾಕಿ ಅದನ್ನು ತಡೆಯುತ್ತಾರೆ.

ಹಾಗಂತ 'ತಲೆ ಆಪರೇಷನ್ ಮಾಡಿಸಿದರೆ ಲಕ್ವ ಖಂಡಿತ' ಎಂಬ ಮಾತಿಗೆ ಹೆದರಿ ದಿನ ದೂಡಬೇಡಿ. ಬೆಳೆಯುವ ಗೆಡ್ಡೆಯೂ ಅದೇ ನರಗಳನ್ನು ಒತ್ತಿ ಕೈಕಾಲಿನ ಶಕ್ತಿ ಕಸಿಯಬಲ್ಲದು.

ನಿಮ್ಮ ಮನೆಯವರಿಗೆ ಇಂಥ ಆಪರೇಷನ್ ಹೇಳಿದ್ದರೆ ಸರ್ಜನ್ ಬಳಿ ನಾಲ್ಕು ಪ್ರಶ್ನೆ ಕೇಳಿ:

• ಗೆಡ್ಡೆ ಕೈಕಾಲು ಆಡಿಸುವ ಜಾಗಕ್ಕೆ ಎಷ್ಟು ಹತ್ತಿರವಿದೆ?
• ಎಂಇಪಿ ಬಳಸುತ್ತೀರಾ? ಇಲ್ಲದಿದ್ದರೆ ಏಕೆ ಬೇಡ?
• ರೋಗಿ ಎಚ್ಚರವಿರಬೇಕೇ, ನಿದ್ದೆಯಲ್ಲಿದ್ದರೆ ಸಾಕೇ?
• ಅಲೆ ಕುಗ್ಗಿದರೆ ಗೆಡ್ಡೆಯ ಸ್ವಲ್ಪ ಭಾಗ ಬಿಡುತ್ತೀರಾ? ಬಿಟ್ಟರೆ ಮುಂದಿನ ಚಿಕಿತ್ಸೆ ಏನು?

ಪಿಟೀಲಿನ ವಿಡಿಯೊ ಮುಂದೆ ಕಳಿಸುವುದಾದರೆ ಈ ನಾಲ್ಕು ಪ್ರಶ್ನೆಗಳನ್ನೂ ಜೊತೆಗೆ ಕಳಿಸಿ ಎಂಬುದು ನಮ್ಮ ಕೋರಿಕೆ.