ಶ್ರುತಿಗೆ ತಕ್ಕ ಅಳತೆ: ಗಿಡ್ಡ ಸ್ಕೇಲಿನ ಎಲೆಕ್ಟ್ರಿಕ್ ಗಿಟಾರ್ ಮತ್ತು ಬೆಂಗಳೂರಿನ ವಿದ್ಯುತ್ ವೀಣೆ

1. ಪ್ರವೇಶ

ಗಿಡ್ಡ ಸ್ಕೇಲಿನ ಎಲೆಕ್ಟ್ರಿಕ್ ಗಿಟಾರ್ ಎಂದರೆ ಮಕ್ಕಳದ್ದು, ಇಲ್ಲವೇ ಕಲಿಯುವವರದ್ದು ಎಂಬ ಅಭಿಪ್ರಾಯ ಸಂಗೀತದ ಅಂಗಡಿಗಳಲ್ಲಿಯೂ ಕಲಿಸುವ ಶಾಲೆಗಳಲ್ಲಿಯೂ ಬೇರೂರಿದೆ. ‘ತ್ರೀ-ಕ್ವಾರ್ಟರ್’ ಎಂಬ ವ್ಯಾಪಾರಿ ಹೆಸರು ಈ ಅಭಿಪ್ರಾಯವನ್ನು ಗಟ್ಟಿಗೊಳಿಸಿದೆ. ಆ ಹೆಸರಿನಲ್ಲಿ ಮಾರಾಟವಾದ 22.5 ಅಂಗುಲದ ಫೆಂಡರ್ ಗಿಟಾರಿನ ತಂತಿ ಪೂರ್ಣ ಅಳತೆಯ 25.5 ಅಂಗುಲದ ಮುಕ್ಕಾಲು ಭಾಗವಲ್ಲ, ಶೇ. 88. ಹೆಸರೂ ತಪ್ಪು, ಅದರಿಂದ ಹುಟ್ಟಿದ ತಿಳಿವಳಿಕೆಯೂ ತಪ್ಪು. ತಂತಿಯ ಉದ್ದವನ್ನು ವಾದಕರ ವಯಸ್ಸಿಗಿಂತ ಮೊದಲು ಶ್ರುತಿಗೆ ಹೊಂದಿಸಿ ನೋಡಬೇಕು ಎಂಬುದು ಈ ಲೇಖನದ ವಾದ. ಇದಕ್ಕೆ ಎರಡು ಆಧಾರಗಳಿವೆ: ಅಮೆರಿಕದಲ್ಲಿ 1930ರಿಂದ 1960ರ ದಶಕದವರೆಗೆ ನಡೆದ ವಿನ್ಯಾಸಗಳ ಇತಿಹಾಸ ಮತ್ತು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕರ್ನಾಟಕ ಸಂಗೀತಕ್ಕಾಗಿ ನಡೆದ ವಾದ್ಯನಿರ್ಮಾಣ.

ಸ್ಕೇಲ್ ಎಂದರೆ ಮೇರುವಿನಿಂದ (ನಟ್) ಕುದುರೆಯವರೆಗೆ (ಬ್ರಿಜ್) ಮಿಡಿಯುವ ತಂತಿಯ ಉದ್ದ. ಇದನ್ನು ನೇರವಾಗಿ ಕುದುರೆಯವರೆಗೆ ಟೇಪು ಹಿಡಿದು ಅಳೆದರೆ ಲೆಕ್ಕ ತಪ್ಪುತ್ತದೆ. ತಂತಿಯನ್ನು ಒತ್ತಿದಾಗ ಸ್ವರ ತುಸು ಏರುವುದರಿಂದ ಕುದುರೆಯ ಒಂದೊಂದು ತುಂಡನ್ನೂ ಸ್ವಲ್ಪ ಹಿಂದಕ್ಕೆ ಸರಿಸಿರುತ್ತಾರೆ. ಆದ್ದರಿಂದ ಮೇರುವಿನಿಂದ 12ನೇ ಮೆಟ್ಟಿಲಿನವರೆಗೆ (ಫ್ರೆಟ್) ಅಳೆದು ದ್ವಿಗುಣಗೊಳಿಸುವುದು ರೂಢಿ. ಗಿಬ್ಸನ್ ಗಿಟಾರುಗಳ ವಿಷಯದಲ್ಲಿ ಈ ಅಳತೆಯೂ ಒಂದು ತೊಡಕನ್ನು ತೋರಿಸುತ್ತದೆ. ಅವುಗಳ ಘೋಷಿತ ಸ್ಕೇಲ್ 24¾ ಅಂಗುಲ, ಅಂದರೆ 628.65 ಮಿ.ಮೀ. ಉಳಿದ ಉದ್ದದ ಹದಿನೆಂಟನೇ ಒಂದು ಭಾಗಕ್ಕೆ ಮುಂದಿನ ಮೆಟ್ಟಿಲು ಕೂರಿಸುವ ಹಳೆಯ ನಿಯಮವನ್ನು ಈ ಉದ್ದಕ್ಕೆ ಅನ್ವಯಿಸಿದರೆ 12ನೇ ಮೆಟ್ಟಿಲು ನಡುಮಧ್ಯಕ್ಕೆ ಬರದೆ ಕೊಂಚ ಹಿಂದೆಯೇ ನಿಲ್ಲುತ್ತದೆ. ದ್ವಿಗುಣಗೊಳಿಸಿದರೆ ಸಿಗುವುದು ಸುಮಾರು 624 ಮಿ.ಮೀ. ಮಾತ್ರ. ಕ್ಯಾಟಲಾಗಿನ ಅಂಕಿಗೂ ಹಲಗೆಯ ಮೇಲಿನ ಅಂಕಿಗೂ ಹೀಗೆ ಅಂತರವಿರಬಹುದು. ಮುಂದಿನ ಚರ್ಚೆಯಲ್ಲಿ ಘೋಷಿತ ಅಳತೆಗಳನ್ನೇ ಬಳಸಲಾಗಿದೆ.

2. ಚರಿತ್ರೆ: ಮೂರು ಕವಲುಗಳು

ಅಕೂಸ್ಟಿಕ್ ಗಿಟಾರಿನಲ್ಲಿ ತಂತಿಯ ಉದ್ದಕ್ಕೂ ಒಡಲಿನ ಗಾತ್ರಕ್ಕೂ ನಂಟಿದೆ. ಒಡಲು ಚಿಕ್ಕದಾದರೆ ಮಂದ್ರ ಸ್ವರಗಳು ಸೊರಗುತ್ತವೆ. ಈ ನಂಟನ್ನು ಬಿಡಿಸಿದ್ದು ಪಿಕಪ್. ತಂತಿಯ ಅಲುಗಾಟವನ್ನು ಅಯಸ್ಕಾಂತ ಮತ್ತು ತಾಮ್ರದ ಸುರುಳಿ ನೇರವಾಗಿ ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿದ ಮೇಲೆ ಒಡಲಿನ ಹಂಗು ತಪ್ಪಿತು. ಜಾರ್ಜ್ ಬೋಶಾಂ ರೂಪಿಸಿ, ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ 1930ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ‘ಫ್ರೈಯಿಂಗ್ ಪ್ಯಾನ್’ ಇದಕ್ಕೆ ಮೊದಲ ಸಾಕ್ಷಿ. ತೊಡೆಯ ಮೇಲಿಟ್ಟು ಉಕ್ಕಿನ ಕಂಬಿಯಿಂದ ನುಡಿಸುವ ಈ ಅಲ್ಯೂಮಿನಿಯಂ ವಾದ್ಯ ಎ-22 ಮತ್ತು ಎ-25 ಎಂಬ ಎರಡು ಮಾದರಿಗಳಲ್ಲಿ ಬಂತು. ಒಂದರ ಸ್ಕೇಲ್ 22.5 ಅಂಗುಲ, ಇನ್ನೊಂದರದ್ದು 25. ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದಾಗಲೇ ಗಿಡ್ಡ ಸ್ಕೇಲೂ ಜೊತೆಗಿತ್ತು.

ಮುಂದಿನ ದಶಕಗಳಲ್ಲಿ ಇದು ಮೂರು ಕವಲಾಗಿ ಬೆಳೆಯಿತು. ಮೊದಲನೆಯದು ಕಲಿಕೆಯ ವಾದ್ಯಗಳದ್ದು. ಫೆಂಡರ್ ಕಂಪನಿ 1956ರಲ್ಲಿ 22.5 ಅಂಗುಲದ (572 ಮಿ.ಮೀ.) ಮ್ಯೂಸಿಕ್‌ಮಾಸ್ಟರ್ ಮತ್ತು ಡುಯೊ-ಸಾನಿಕ್ ಮಾದರಿಗಳನ್ನು ತಂದಿತು. ಒಂದಕ್ಕೆ ಒಂದು ಪಿಕಪ್, ಇನ್ನೊಂದಕ್ಕೆ ಎರಡು. ಅದೇ ಕಾಲದಲ್ಲಿ ಗಿಬ್ಸನ್ ಲೆಸ್ ಪಾಲ್ ಜೂನಿಯರ್‌ನ 22¾ ಅಂಗುಲದ ಆವೃತ್ತಿಯನ್ನು ಮಾರಿತು. 1964ರ ಮಸ್ಟಾಂಗ್ 24 ಮತ್ತು 22.5 ಅಂಗುಲ ಎರಡರಲ್ಲೂ ಸಿಗುತ್ತಿತ್ತು.

ಎರಡನೆಯ ಕವಲು ವೃತ್ತಿಪರರದ್ದು. ಬಿಲ್ಲಿ ಬರ್ಡ್ ಮತ್ತು ಹ್ಯಾಂಕ್ ಗಾರ್ಲೆಂಡ್ ಎಂಬ ವಾದಕರ ಸಲಹೆಯಂತೆ ಗಿಬ್ಸನ್ 1955ರಲ್ಲಿ ರೂಪಿಸಿದ ಬರ್ಡ್‌ಲ್ಯಾಂಡ್‌ನ ಸ್ಕೇಲ್ 23.5 ಅಂಗುಲ. ಬೆರಳುಗಳನ್ನು ದೂರದೂರ ಹರಡಿ ಹಿಡಿಯುವ ಜಾಝ್ ಕಾರ್ಡುಗಳಿಗೆಂದೇ ಮಾಡಿದ ದುಬಾರಿ ವಾದ್ಯವದು. 1962ರಲ್ಲಿ ಫೆಂಡರ್ ತನ್ನ ಗಿಟಾರುಗಳಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆಯದ್ದೆಂದು ತಂದ ಜಾಗ್ವಾರ್‌ನ ಸ್ಕೇಲ್ 24 ಅಂಗುಲ (610 ಮಿ.ಮೀ.). ಗಿಡ್ಡದ್ದೆಂದರೆ ಅಗ್ಗದ್ದು ಎನ್ನುವವರಿಗೆ ಈ ಎರಡೇ ಉದಾಹರಣೆ ಸಾಕು.

ಮೂರನೆಯ ಕವಲಿನ ವಾದ್ಯಗಳನ್ನು ಯಾರಿಗೆಂದು ಮಾಡಿದ್ದರೋ ಗೊತ್ತಾಗದಂತೆ ವೇದಿಕೆಯೇ ಅವುಗಳ ಪಾತ್ರವನ್ನು ಬದಲಿಸಿತು. 1958ರಲ್ಲಿ ಬಂದ ರಿಕನ್‌ಬ್ಯಾಕರ್ 325ರ ಸ್ಕೇಲ್ 20¾ ಅಂಗುಲ (527 ಮಿ.ಮೀ.) ಮಾತ್ರ. ಜಾನ್ ಲೆನನ್ 1960ರಲ್ಲಿ ಹ್ಯಾಂಬರ್ಗ್‌ನಲ್ಲಿ ಇದನ್ನು ಕೊಂಡರು. ಬೀಟಲ್ಸ್ ತಂಡದ ಆರಂಭಿಕ ವರ್ಷಗಳ ಕಾರ್ಡು ನುಡಿಸಾಣಿಕೆಯ ಸಾಕಷ್ಟು ಭಾಗ ಈ ಪುಟ್ಟ ವಾದ್ಯದ್ದು.

3. ಅಳತೆಯ ಹಿಂದಿನ ಲೆಕ್ಕ

ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಬಿಗಿದರೆ, ಬೇಕಾಗುವ ಬಿಗಿ ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. 17ನೇ ಶತಮಾನದಲ್ಲಿ ಮೆರ್ಸೆನ್ ನಿರೂಪಿಸಿದ ನಿಯಮಗಳಿಂದ ಇದು ಬರುತ್ತದೆ. ಗಿಟಾರಿಗರು ‘ಟೆನ್’ ಎನ್ನುವ 0.254 ಮಿ.ಮೀ. ದಪ್ಪದ ಉಕ್ಕಿನ ತಂತಿಯನ್ನು ಮೊದಲ ತಂತಿಯ ಇ ಸ್ವರಕ್ಕೆ ಏರಿಸಲು 648 ಮಿ.ಮೀ. (25.5 ಅಂಗುಲ) ಸ್ಕೇಲಿನಲ್ಲಿ ಸುಮಾರು 7.4 ಕಿಲೋ ಭಾರದಷ್ಟು ಬಿಗಿ ಬೇಕು. 572 ಮಿ.ಮೀ.ಗೆ 5.8 ಕಿಲೋ, 527 ಮಿ.ಮೀ.ಗೆ 4.9 ಕಿಲೋ ಸಾಕು.

ಬೆರಳಿಗೆ ಇದರ ಪರಿಣಾಮ ಇನ್ನೂ ಹೆಚ್ಚು. ತಂತಿಯನ್ನು ನಡುವಿನಲ್ಲಿ ಅಡ್ಡಕ್ಕೆ ಎಳೆದು ಸ್ವರ ಏರಿಸುತ್ತೇವೆ ಎಂದುಕೊಳ್ಳೋಣ. ಎರಡೂ ತುದಿ ಅಲುಗದಂತೆ ಬಿಗಿದಿವೆ. ಆಗ ಅದೇ ಗಮಕಕ್ಕೆ ಬೆರಳು ಸರಿಯಬೇಕಾದ ದೂರ ಉದ್ದದ ವರ್ಗದಂತೆ, ತಳ್ಳುವ ಬಲ ಉದ್ದದ ಘನದಂತೆ ಇಳಿಯುತ್ತದೆ. 648ರಿಂದ 572ಕ್ಕೆ ಬಂದರೆ ಬೆರಳು ಸರಿಯುವ ದೂರ ಶೇ. 22, ಬಲ ಶೇ. 31 ಕಡಿಮೆ. ಮೆಟ್ಟಿಲುಗಳ ಅಂತರವೂ ತಗ್ಗುತ್ತದೆ: ಮೊದಲ ಮೆಟ್ಟಿಲು ಒಂದರಲ್ಲಿ ಮೇರುವಿನಿಂದ 36.4 ಮಿ.ಮೀ. ದೂರದಲ್ಲಿದ್ದರೆ ಇನ್ನೊಂದರಲ್ಲಿ 32.1 ಮಿ.ಮೀ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಗಮಕವನ್ನು ಸುಲಭ ಮಾಡುವ ಗುಣವೇ ಅಪಸ್ವರವನ್ನೂ ಸುಲಭ ಮಾಡುತ್ತದೆ. ಬೆರಳು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದಾಗ ಸ್ವರ ಎಷ್ಟು ಏರುತ್ತದೆಂಬುದು ಉದ್ದದ ನಾಲ್ಕನೇ ಘಾತಕ್ಕೆ ವಿಲೋಮ, 572 ಮಿ.ಮೀ.ನಲ್ಲಿ ಆ ದೋಷ ಶೇ. 65 ಹೆಚ್ಚು. ತಂತಿಯ ಪೆಡಸುತನದಿಂದ ಮೇಲಿನ ಅನುಸ್ವರಗಳು ತಮ್ಮ ಸ್ಥಾನಕ್ಕಿಂತ ಏರುವ ಪ್ರಮಾಣವೂ ಅಷ್ಟೇ ಹೆಚ್ಚುತ್ತದೆ. ಬಿಗಿ ಮರಳಿ ಬರಲೆಂದು ದಪ್ಪ ತಂತಿ ಹಾಕಿದರೆ ಈ ಎರಡನೆಯ ದೋಷ ದ್ವಿಗುಣವನ್ನೂ ದಾಟುತ್ತದೆ. ಗಿಡ್ಡ ಗಿಟಾರಿನ ಮಂದ್ರ ತಂತಿಗಳ ನಾದ ಮಬ್ಬು ಎಂಬ ದೂರಿಗೆ ಮೂಲ ಇದೇ.

ಈ ಲೆಕ್ಕವನ್ನು ತಿರುವಿ ಹಾಕಿದರೆ ನಮ್ಮ ಸಂಗೀತಕ್ಕೆ ಉಪಯುಕ್ತವಾದ ಫಲ ಸಿಗುತ್ತದೆ. ತಂತಿಯೂ ಬಿಗಿಯೂ ಹಾಗೆಯೇ ಇರಲಿ, ಉದ್ದ ಮಾತ್ರ ತಗ್ಗಲಿ. ಆಗ ಶ್ರುತಿ ಏರುತ್ತದೆ. 648 ಮಿ.ಮೀ. ಗಿಟಾರಿನ ಒಂದನೇ ಮೆಟ್ಟಿಲಿಗೆ ಕೇಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತುವ ಹಿಡಿಕೆ) ಹಾಕಿದರೆ ಉಳಿಯುವ ಉದ್ದ 612 ಮಿ.ಮೀ.; ಜಾಗ್ವಾರ್‌ನ ಅಳತೆಗೆ ಬಹುತೇಕ ಸಮ. ಎರಡನೇ ಮೆಟ್ಟಿಲಿಗೆ ಹಾಕಿದರೆ 577. ಡುಯೊ-ಸಾನಿಕ್‌ನ ಅಳತೆಗೆ ಹತ್ತಿರ. ರಿಕನ್‌ಬ್ಯಾಕರ್ 325 ಮೂರು ಮತ್ತು ನಾಲ್ಕನೇ ಮೆಟ್ಟಿಲುಗಳ ನಡುವೆ ಬರುತ್ತದೆ. ಸುಮಾರು 352 ಮಿ.ಮೀ. ಸ್ಕೇಲಿನ ಮ್ಯಾಂಡೊಲಿನ್ ಇದೇ ಏಣಿಯಲ್ಲಿ ಹತ್ತೂವರೆ ಸ್ವರಸ್ಥಾನ ಮೇಲಿದೆ. ಈ ಗಿಡ್ಡ ಗಿಟಾರುಗಳನ್ನು ಮಾಡಿದವರು ಅವನ್ನು ಮಾಮೂಲಿ ಗಿಟಾರಿನ ಶ್ರುತಿಗೇ ಇಳಿಸಿ ಮಾರಿದರು. ಮೇಲೆ ಹೇಳಿದ ದೋಷಗಳು ಇನ್ನಷ್ಟು ಹೆಚ್ಚುವುದು ಹಾಗೆ ಇಳಿಸುವುದರಿಂದ.

4. ಎಲೆಕ್ಟ್ರಾನಿಕ್ ಸಿಟಿಯ ಉತ್ತರ

ಕರ್ನಾಟಕ ಸಂಗೀತದಲ್ಲಿ ಆಧಾರಶ್ರುತಿ ಹಾಡುವವರ ಕಂಠಕ್ಕೆ ತಕ್ಕಂತೆ ಬದಲಾಗುತ್ತದೆ. ಗಂಡಸರು ಸಾಮಾನ್ಯವಾಗಿ ಒಂದರಿಂದ ಎರಡು ಮನೆಯ ಆಸುಪಾಸಿನಲ್ಲಿ, ಹೆಂಗಸರು ಐದು ಮನೆಯ ಆಸುಪಾಸಿನಲ್ಲಿ ಹಾಡುತ್ತಾರೆ (ಒಂದು ಮನೆ ಎಂದರೆ ಪಾಶ್ಚಾತ್ಯ ಸಿ ಸ್ವರ). ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಮೇಳ ಕಟ್ಟಿದ ಮೇಲೆ, ಶ್ರುತಿ ಬದಲಾದಾಗ, ಅವನ್ನು ಅಲುಗಿಸಲು ನುರಿತ ಕೈ ಬೇಕು. ವಿದ್ಯುತ್ ವಾದ್ಯಗಳು ಕರ್ನಾಟಕ ಸಂಗೀತದ ಇಂಥ ಬೇಡಿಕೆಗಳನ್ನು, ಗಮಕವೂ ಸೇರಿದಂತೆ, ಬೇರೆಬೇರೆ ದಿಕ್ಕಿನಿಂದ ಎದುರಿಸಿದವು. ಯು. ಶ್ರೀನಿವಾಸ್ (1969–2014) ಮ್ಯಾಂಡೊಲಿನ್ನಿನ ಜೋಡಿ ತಂತಿಗಳನ್ನು ಕೈಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ರೂಪವನ್ನು ಕಛೇರಿಗೆ ತಂದರು. ಜೋಡಿ ತಂತಿಯಲ್ಲಿ ಗಮಕ ಎಳೆಯುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಈ ಬದಲಾವಣೆಯ ಮಹತ್ವ ಗೊತ್ತು.

ಬೆಂಗಳೂರಿನಲ್ಲಿ ಶ್ರುತಿ ಮತ್ತು ಮೆಟ್ಟಿಲುಗಳ ಪ್ರಶ್ನೆ ಕಾರ್ಖಾನೆಗೆ ಬಂತು. ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿದ್ದು 1978ರಲ್ಲಿ. ಮರುವರ್ಷ, 1979ರಲ್ಲಿ, ಎಂಜಿನಿಯರೂ ಸಂಗೀತಗಾರರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಾರ್ವಜನಿಕರ ಮುಂದಿಟ್ಟರು. ಅವರ ರಾಡೆಲ್ ಸಂಸ್ಥೆ ಮುಂದೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲೆಯೂರಿತು. 2002ರಲ್ಲಿ ಅದು ಪರಿಚಯಿಸಿದ ‘ಸುನಾದವಿನೋದಿನಿ’ ಎಂಬ ವಿದ್ಯುತ್ ವೀಣೆಗೆ ಎಲೆಕ್ಟ್ರಿಕ್ ಗಿಟಾರೇ ಮಾದರಿ. ಇದರಲ್ಲಿ ಮೇಣವಿಲ್ಲ. ಮೆಟ್ಟಿಲುಗಳು ಹಳಿಗಳ ಮೇಲೆ ಕೂತಿವೆ. ವಾದಕರೇ ಅವನ್ನು ಸರಿಸಬಹುದು, ತೆಗೆಯಬಹುದು. ಒಂದೊಂದು ತಂತಿಯ ದನಿಯನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯವಿರುವುದರಿಂದ ತಾಳದ ತಂತಿಗಳು ನುಡಿಸುವ ತಂತಿಗಳನ್ನು ಮುಚ್ಚಿಹಾಕುವುದಿಲ್ಲ. ತಂಬೂರಿಯ ಶ್ರುತಿ ವಾದ್ಯದೊಳಗೇ ಅಡಕವಾಗಿದೆ.

ಗಿಟಾರಿನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಇದರ ವಿಶೇಷ ತಿಳಿಯುತ್ತದೆ. ಅಮೆರಿಕದ ತಯಾರಕರು ಮೆಟ್ಟಿಲುಗಳನ್ನು ಶಾಶ್ವತವಾಗಿ ಬಡಿದು ತಂತಿಯ ಉದ್ದವನ್ನು ಬದಲಿಸಿದರು; ಬೆಂಗಳೂರಿನವರು ಮೆಟ್ಟಿಲುಗಳನ್ನೇ ಸಡಿಲಿಸಿದರು. ಇಲ್ಲಿಯೂ ಕಳೆದುಕೊಂಡದ್ದಿದೆ. ಸಿ.ವಿ. ರಾಮನ್ 1921ರಲ್ಲಿ ಭಾರತೀಯ ತಂತಿವಾದ್ಯಗಳ ಕುರಿತು ಬರೆದ ಪ್ರಬಂಧದಲ್ಲಿ, ವೀಣೆ ಮತ್ತು ತಂಬೂರಿಯ ಬಾಗಿದ ಕುದುರೆ ಮೀಟುವ ಸ್ಥಾನದಿಂದ ಹುಟ್ಟಬಾರದ ಅನುಸ್ವರಗಳನ್ನೂ ಹುಟ್ಟಿಸುತ್ತದೆಂದು ತೋರಿಸಿದ್ದರು. ಕುದುರೆ, ಬುರುಡೆ, ತಂತಿ ಮೂರೂ ಒಂದಕ್ಕೊಂದು ಸೇರಿ ಕೊಡುವ ಆ ನಾದ ಪಿಕಪ್‌ನಲ್ಲಿ ಪೂರ್ತಿ ಉಳಿಯುವುದಿಲ್ಲ ಎಂಬ ಆಕ್ಷೇಪ ವಿದ್ಯುತ್ ವೀಣೆಯ ಮೇಲಿದೆ, ಅದು ನ್ಯಾಯವಾದದ್ದೇ.

5. ತಯಾರಿಕೆಯ ಮಾತು

ಉದ್ದ ತಗ್ಗಿದಷ್ಟೂ ತಯಾರಿಕೆಯ ನಿಖರತೆ ಹೆಚ್ಚಬೇಕು. 12ನೇ ಮೆಟ್ಟಿಲು 1 ಮಿ.ಮೀ. ಆಚೀಚೆ ಆದರೆ 648 ಮಿ.ಮೀ. ಗಿಟಾರಿನಲ್ಲಿ ಸ್ವರ 5.3 ಸೆಂಟ್ ತಪ್ಪುತ್ತದೆ, 527 ಮಿ.ಮೀ.ನದ್ದರಲ್ಲಿ 6.6 ಸೆಂಟ್. (ನೂರು ಸೆಂಟ್ ಎಂದರೆ ಒಂದು ಸ್ವರಸ್ಥಾನದ ಅಂತರ.) ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಗಣಕನಿಯಂತ್ರಿತ (ಸಿಎನ್‌ಸಿ) ಯಂತ್ರಗಳಿಗೆ ಇದು ದೊಡ್ಡ ಸವಾಲಲ್ಲ, ಅಲ್ಲಿ ಮಿಲಿಮೀಟರಿನ ನೂರನೇ ಭಾಗ ದಿನನಿತ್ಯದ ಲೆಕ್ಕ. ಯಂತ್ರಕ್ಕೆ 648 ಎಂದು ಕೊಟ್ಟರೂ 527 ಎಂದು ಕೊಟ್ಟರೂ ಶ್ರಮ ಒಂದೇ. ಇನ್ನು ಮರದ ವಿಷಯ: ಮೆಟ್ಟಿಲು ಹಲಗೆಗೆ ಜಗತ್ತಿನಾದ್ಯಂತ ಬೇಡಿಕೆಯಿರುವ ಬೀಟೆ ಮರ ನಮ್ಮ ಪಶ್ಚಿಮಘಟ್ಟದ್ದೇ. 2017ರ ಜನವರಿಯಲ್ಲಿ ಬೀಟೆಯ ಕುಲದ ಮರಗಳೆಲ್ಲ ಅಪಾಯದಲ್ಲಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿದವು. ಸಿದ್ಧ ಸಂಗೀತವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು. ಮರವನ್ನು ಹೊರದೇಶಕ್ಕೆ ಹಲಗೆಯಾಗಿ ಕಳಿಸುವುದಕ್ಕಿಂತ ವಾದ್ಯವಾಗಿ ಕಳಿಸುವುದು ಈಗ ಸಲೀಸು.

6. ಸಮಾರೋಪ

ಗಿಡ್ಡ ಸ್ಕೇಲಿನ ಗಿಟಾರನ್ನು ಮಾಮೂಲಿ ಶ್ರುತಿಗೆ ಇಳಿಸಿ ನುಡಿಸಿದಾಗ ಅದು ರಾಜಿ. ತನ್ನ ಉದ್ದಕ್ಕೆ ಒಪ್ಪುವ ಶ್ರುತಿಯಲ್ಲಿ ನುಡಿಸಿದಾಗ ಅದು ಪೂರ್ಣ ವಾದ್ಯ. ಸಾಮಾನ್ಯ ಗಿಟಾರಿನಲ್ಲಿ ಒಂದು ಮನೆ ಶ್ರುತಿಗೆ ಹೊಂದಿಸಿಕೊಂಡ ತಂತಿಗಳನ್ನೇ ಅದೇ ಬಿಗಿಯಲ್ಲಿ ಎರಡೂವರೆ ಮನೆಗೆ ಬಯಸುವವರಿಗೆ 545 ಮಿ.ಮೀ., ಮೂರು ಮನೆಗೆ 514, ಐದು ಮನೆಗೆ 432 ಮಿ.ಮೀ. ಸರಿಹೊಂದುತ್ತದೆ. ವೇದಿಕೆಯಲ್ಲಿ ಗಾಯಕರ ಜೊತೆ ಕೂರುವ ಗಿಟಾರಿಗರಿಗೆ ಇಂಥ ವಾದ್ಯಗಳ ಸರಣಿಯೇ ಬೇಕು. ಅದಕ್ಕೆ ಬೇಕಾದ ಯಂತ್ರ, ಎಲೆಕ್ಟ್ರಾನಿಕ್ಸ್ ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಈ ಊರಿನಲ್ಲಿ, ಮರ ಪಶ್ಚಿಮಘಟ್ಟದಲ್ಲಿ ಇವೆ. ನಮ್ಮ ತಯಾರಕರು ‘ತ್ರೀ-ಕ್ವಾರ್ಟರ್’ ಎಂಬ ಹೆಸರನ್ನು ಕೈಬಿಟ್ಟು, ಪ್ರತಿ ವಾದ್ಯದ ಮೇಲೂ ಸ್ಕೇಲನ್ನು ಮಿಲಿಮೀಟರಿನಲ್ಲಿ, ಅದಕ್ಕೊಪ್ಪುವ ಶ್ರುತಿಯನ್ನು ಮನೆಯ ಲೆಕ್ಕದಲ್ಲಿ ನಮೂದಿಸಲಿ. ಕೊಳ್ಳುವವರ ವಯಸ್ಸು ಕೇಳುವುದಕ್ಕೆ ಮುಂಚೆ ಅವರ ಶ್ರುತಿಯನ್ನು ಕೇಳಲಿ.